ಪೂವಕ್ಕ ತೋರಿಸಿದ ಕಡೆ

ಜರ್ಮನಿಯ ಒಂದು ವೈದ್ಯ ಕಾಲೇಜಿಗೆ
ಬೇಕಿತ್ತಂತೆ ಒಂದು ಹೊಟ್ಟೆನೋವು.
ಅಲ್ಲಿನದೇ ಇಲ್ಲವಾ ಎಂದೆ.
ಇದೆ, ಆದರೆ ನೆಟ್ಟಗೆ ಮಾತಾಡುತ್ತದೆ:
ಇಲ್ಲಿ, ಇಂಥ ಹೊತ್ತಿಗೆ, ಇಷ್ಟು.
ನಮ್ಮ ಹುಡುಗರಿಗೆ ಸುತ್ತಿ ಬಳಸುವ ನೋವು ಕಲಿಸಬೇಕು,
ಎಂದರು ಪರದೆಯೊಳಗಿಂದ ಡಾಕ್ಟರ್ ಅನೆಗ್ರೆಟ್.
ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ
ಸಂಜೆ ನಾಲ್ಕಕ್ಕೇ ಕತ್ತಲು.

ಪೈವಳಿಕೆಯಲ್ಲಿ ಬಳಸು ಮಾತಿಗೆ ಬರವೇ?
ಪೂವಕ್ಕನನ್ನು ಕರೆದುಕೊಂಡು ಬಂದೆ.
ನಲವತ್ತು ವರ್ಷ ಬೀಡಿ ಕಟ್ಟಿ ಬಾಗಿದ ಬೆನ್ನು,
ಪೆಟ್ಟಿಗೆಯಿಂದ ತೆಗೆದ ಸೀರೆ, ಕೆನ್ನೆಗೆ ಪೌಡರು.
ಕ್ಯಾಮೆರಾದೆದುರು ದಿಬ್ಬಣದವಳ ಹಾಗೆ ಕೂತಳು.

ಹೇಗಿದೆ ನೋವು? ಪಟ್ಟಿಯಲ್ಲಿ ನಾಲ್ಕೇ ಇವೆ:
ಚುಚ್ಚು, ಉರಿ, ಹಿಂಡು, ಮಂದ.
ಪೂವಕ್ಕ ಪಟ್ಟಿಯ ಹೊರಗೆ ಕಾಲು ಚಾಚಿದಳು:
"ಎಲೆ ಸುರುಳಿ ಮಾಡಿ, ತುದಿ ಮಡಚಿ,
ನೂಲು ಸುತ್ತಿ ಸುತ್ತಿ ಬಿಗಿದು
ಕೊನೆಗೊಂದು ಕುಣಿಕೆ ಹಾಕುತ್ತೇವಲ್ಲ,
ಆ ಕುಣಿಕೆ ಉಂಟಲ್ಲ, ಅದು."

ಯಾವಾಗಿನಿಂದ?
"ಶನಿವಾರದಿಂದ."
ಯಾವ ಶನಿವಾರ?
"ಯಾವ ಅಂದರೆ? ಶನಿವಾರ.
ಬ್ರಾಂಚಿನವ ಕಟ್ಟು ಬಿಚ್ಚಿ, ಮೂಸಿ,
ನೂರರಲ್ಲಿ ಹತ್ತು ಹಿಂದಕ್ಕೆ ಎಸೆಯುವ ಎಲ್ಲ ಶನಿವಾರ."

ನಾನು ಪಕ್ಕದಲ್ಲಿ ಕೂತು
ಅವಳ ಮಾತಿಗೆ ಇಂಗ್ಲಿಷಿನ ನೂಲು ಸುತ್ತುತ್ತಿದ್ದೆ.
ಅಲ್ಲಿ ಯಾರೋ ಅದನ್ನು ಬಿಚ್ಚಿ
ಜರ್ಮನ್ನಿನಲ್ಲಿ ಮತ್ತೆ ಕಟ್ಟುತ್ತಿದ್ದರು.
ಭಾಷೆ ಯಾವುದು, ಒಂದನ್ನು ಆರಿಸಿ, ಎಂದಿತು ಯಂತ್ರ.
ನೋವು ಎಂದು ಶುರು ಮಾಡಿ, ನಡುವೆ ಬೇನೆ ಎಂದು,
ಸಹಿಕ್ಕಾನ್ ಕಯ್ಯೂಲ ಎಂದು ಮುಗಿಸುವವಳಲ್ಲಿ
ಆರಿಸುವುದೇನನ್ನು?
ಇಲ್ಲಿ ಮೀನು ಕೊಂಡು ಮನೆ ಸೇರುವಷ್ಟರಲ್ಲಿ
ನಾಲಿಗೆ ನಾಲ್ಕು ಗಡಿ ದಾಟಿರುತ್ತದೆ.
ಕನ್ನಡ ಎಂದು ಒತ್ತಿದೆ.
ಸ್ವಲ್ಪ ಸುಳ್ಳು. ಸ್ವಲ್ಪ ಆಸೆ.

ಹನ್ನೊಂದು ರಾತ್ರಿ, ಆರುನೂರು ಪ್ರಶ್ನೆ.
ಕೆಮ್ಮಿದ್ದು, ತಡವರಿಸಿದ್ದು, ಸೆರಗಲ್ಲಿ ಮೂಗೊರೆಸಿದ್ದು
ಎಲ್ಲ ಹೋಯಿತು ಕಡಲಡಿಯ ತಂತಿಯಲ್ಲಿ.
ನನ್ನ ದನಿಯನ್ನು ಮಾತ್ರ ತೆಗೆದರು,
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ,
ಬಲು ಜಾಗ್ರತೆಯಾಗಿ.

ಕಲ್ಲೆಂದರೆ ನೆನಪಾಯಿತು: ಪೂವಕ್ಕನದು ಪಿತ್ತಕೋಶದ ಕಲ್ಲು.
ಯಂತ್ರ ಹೇಳಿದ್ದಲ್ಲ, ಸ್ಕ್ಯಾನಿನ ಹುಡುಗಿ ಶಾಂಭವಿ ಹೇಳಿದ್ದು.
ತಲಪಾಡಿ ದಾಟಿ ದೇರಳಕಟ್ಟೆಯಲ್ಲಿ ತೆಗೆಸಿದ್ದಾಯಿತು,
ಮೂರು, ಹುಣಸೆಬೀಜದಷ್ಟು.
ನೂಲಿನ ಡಬ್ಬಿಯಲ್ಲಿ ಇಟ್ಟುಕೊಂಡು
ಬಂದವರಿಗೆಲ್ಲ ಅಲ್ಲಾಡಿಸಿ ಕೇಳಿಸುತ್ತಾಳೆ.
ಹಲಸಿನ ಗಟ್ಟಿ ಮೂರು ತಿಂದು ನಾಲ್ಕನೆಯದಕ್ಕೆ ಕೈಯಿಡುತ್ತಾಳೆ.

ನೋವು ಮಾತ್ರ ಅಲ್ಲೇ ಉಳಿಯಿತು, ವೀಸಾ ಇಲ್ಲದೆ.
ಪ್ರತಿ ಮಂಗಳವಾರ ಹೊಸ ವಿದ್ಯಾರ್ಥಿ,
ಅದೇ ಕುಣಿಕೆ, ಅದೇ ಶನಿವಾರ.
ಇಲ್ಲಿ ವಾಸಿಯಾದದ್ದನ್ನು ಅಲ್ಲಿ
ಹುಡುಕಿ ಹುಡುಕಿ ಕಂಡುಹಿಡಿಯುತ್ತಾರೆ;
ಅಂಕ ಸಿಗುತ್ತದೆ.

ಮೊನ್ನೆ ಪತ್ರ ಬಂತು. ಒಬ್ಬ ವಿದ್ಯಾರ್ಥಿ
ಪಟ್ಟಿಯಲ್ಲಿಲ್ಲದ್ದನ್ನು ಕೇಳಿಬಿಟ್ಟಿದ್ದಾನೆ:
ನಿಮ್ಮ ಜೊತೆಗೆ ಯಾರಾದರೂ ಬಂದಿದ್ದಾರೆಯೇ?
ಪೂವಕ್ಕ ಕಣ್ಣು ಮಿಟುಕಿಸುತ್ತ ಸುಮ್ಮನಾದಳಂತೆ.
ಉತ್ತರ ತುಂಬಿರಲೇ ಇಲ್ಲ.
ದಯವಿಟ್ಟು ಒಂದು ವಾಕ್ಯ ಕಳಿಸಿ.

ಮತ್ತೆ ಪೌಡರು, ಮತ್ತೆ ಅದೇ ಸೀರೆ.
ಪ್ರಶ್ನೆ ಓದಿದೆ. ಪೂವಕ್ಕನಿಗೆ ಸಿಟ್ಟೇ ಬಂತು:
"ಇದೆಂಥ ಕೇಳುವುದು? ಇವಳಿಲ್ಲವಾ?"
ಎಂದು ಹೊಗೆಸೊಪ್ಪು ಮೆತ್ತಿದ ತೋರುಬೆರಳನ್ನು
ನನ್ನ ಕಡೆಗೆ ನೀಡಿದಳು.

ಇವಳು ಯಾರು? ಬರೆದರು ಅನೆಗ್ರೆಟ್.
ಚೌಕಟ್ಟಿನಲ್ಲಿ ಯಾರೂ ಇಲ್ಲ.
ಇರಲಿ ಬಿಡಿ, ಚೆನ್ನಾಗಿದೆ.

ಹಾಗೇ ಇದೆ ಈಗ. ಮಂಗಳವಾರ ಯಾರಾದರೂ ಕೇಳಿದರೆ
ಪೂವಕ್ಕ ಬೆರಳು ತೋರುತ್ತಾಳೆ ಪರದೆಯ ಬಲಕ್ಕೆ,
ಬರಿಯ ಗೋಡೆಯ ಕಡೆ.
ಅವರು ತಿರುಗಿ ನೋಡುತ್ತಾರಂತೆ.